ಇನ್ನ ಡಾಕ್ಟರ್ ಅನ್ನಬ್ಯಾಡ

ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಸೊಲ್ಲಾಪುರದ ಬಸ್ಸು ಬಾರದೆ ನನ್ನ ತಲೆ ಕೆಟ್ಟಿತ್ತು. ಪಕ್ಕದಲ್ಲಿ ಮೈಂದರ್ಗಿಯ ಗಂಡ ಹೆಂಡತಿ.

“ಹೊಸಾ ಕಾಯ್ದಾ ಬಂದದ. ಸರ್ಟಿಫಿಕೇಟ್ ಇಲ್ದಾಂವ ಡಾಕ್ಟರ್ ಅನಿಸ್ಕೊಂಡ್ರ ಸೀದಾ ಜೇಲು. ಇನ್ನ ನನಗ ಹಂಗ ಕರೀಬ್ಯಾಡ.”

“ಬೋರ್ಡು?”

“ನಿನ್ನೇನ ತಗದೀನಿ. ಎಸ್‌ಟಿಡಿ ಬೂತ್ ಇಡತೀನಿ.”

“ಸೂಜಿ ಚುಚ್ಚೂದು?”

“ಅದೂ ಬಂದ್.”

“ಊರ ಮಂದಿ ಉಳೀತು ಬಿಡ್ರಿ! ಆದ್ರ ಲಗ್ನಾದಾಗಿಂದ ಡಾಕ್ಟರ್‌ರೀ ಅಂತನ ಕರದೀನಿ. ಗಂಡನ ಹೆಸರ ಬಾಯಾಗ ಹೆಂಗ ತರಲಿ?”

“ಸಾತಲಿಂಗಪ್ಪ ಅನ್ನು. ಜೇಲಿಗಿಂತ ಚಲೋ.”

ಮೈಂದರ್ಗಿ ಬಸ್ಸು ಬಂತು. ಆಕೆ ನುಗ್ಗಿ ಸೀಟು ಹಿಡಿದಳು. ಕಿಟಕಿಯಿಂದ ನಾಚುತ್ತ ಕರೆದಳು.

“ಸಾತಲಿಂಗಪ್ಪನವರ, ಬರ್ರಿ!”

ಆತ ಬೇರೆ ಯಾರನ್ನೋ ಕರೆದರೆಂಬಂತೆ ಎಲೆಯಡಿಕೆ ಜಗಿಯುತ್ತ ನಿಂತೇ ಇದ್ದ. ಬಸ್ಸು ಹೊರಟಿತು.

“ಡಾಕ್ಟರ್‌ರೀ!”

ಆತ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ.