ಡೊಳ್ಳು ನಿಲ್ಲಲಿಲ್ಲ

ಬನಹಟ್ಟಿ ಬಸ್ ನಿಲ್ದಾಣದಲ್ಲಿ ಕುಳಿತಿದ್ದ ಕ್ಷಮಾಳಿಗೆ ಕದ್ದು ಕೇಳುವ ಮನಸ್ಸಿರಲಿಲ್ಲ. ಆದರೆ ಹಿಂದಿನ ಬೆಂಚಿನಲ್ಲಿದ್ದವರು ಡೊಳ್ಳಿನ ಪದ ಹಾಡುವ ಲಗಮವ್ವ ಮತ್ತು ಆಕೆಯ ಮೇಳದಲ್ಲಿ ಡೊಳ್ಳು ಬಾರಿಸುವ ಮುತ್ತಣ್ಣ ಎಂದು ತಿಳಿದ ಮೇಲೆ ಎದ್ದು ಹೋಗಲೂ ಆಗಲಿಲ್ಲ.

“ಏಳಬೇ ಅಕ್ಕಾ, ಜಮಖಂಡಿ ಬಸ್ ಬರೂ ಹೊತ್ತಾತು. ಇವತ್ತಿನ ಸನ್ಮಾನದಾಗ ಪೂನಮ್‌ಗ ನೀನ ಶಾಲು ಹೊಚ್ಚಬೇಕಂತ.”

“ರಾಕ್ ಹಾಡಿನ ರಾಣಿಗಿ ನನ್ನ ಶಾಲು ಯಾಕಪಾ?”

“ನಿನ್ನ ಕಡೆ ಕಲ್ತಾಕಿ ಅಲ್ಲೇನು.”

“ಹೌದು, ನನ್ನ ಮನ್ಯಾಗ ರೊಟ್ಟಿ ತಿಂದು ಕಲ್ತಾಕಿ. ನಮ್ಮ ಡೊಳ್ಳಿನ ಪದಾನ ಗಿಟಾರ್ ಹಚ್ಚಿ ಚೀರಿ ಹಾಡಿದ್ಲು, ದೇಶ ಕುಣೀತು, ನನಗೂ ಖುಷಿನ ಆತು. ಆದ್ರ ಪದದ ಕಡೀಗಿ ನನ್ನ ಗುರುವಿನ ಹೆಸರಿತ್ತು. ಅದನ್ನ ತಗದು ತನ್ನ ಹೆಸರ ಯಾಕ ಹಾಡಿದ್ಲು?”

“ರೆಕಾರ್ಡಿಂಗ್ ಮಾಡವ್ರು ಹೇಳಿರಬೇಕು. ನಮಗೇನ ಗೊತ್ತು.”

“ನಿನಗ ಗೊತ್ತಿತ್ತಲ್ಲೋ ತಮ್ಮಾ. ಆ ಹಾಡಿನ್ಯಾಗ ಡೊಳ್ಳು ನಿಂದು.”

“ಯಾರ ಹೇಳಿದ್ರು?”

“ಹರೇದಾಗಿಂದ ನಿನ್ನ ಡೊಳ್ಳಿನ ಪೆಟ್ಟಿಗೇ ಹಾಡೇನಿ. ಬ್ಯಾರೆದವ್ರು ಹೇಳಬೇಕೇನು?”

ಮುತ್ತಣ್ಣ ಶಾಲಿನ ಚೀಲವನ್ನು ಹತ್ತಿರ ಎಳೆದುಕೊಂಡ.

“ಗುರುವಿನ ಹೆಸರ ಬಿಟ್ರ ಡೊಳ್ಳು ನಿಲ್ಲಬೇಕು,” ಎಂದಳು ಲಗಮವ್ವ. “ಯಾಕ ನಿಲ್ಲಸಲಿಲ್ಲ?”

“ನಿಲ್ಲಸಬೇಕು ಅನಿಸ್ತು, ಖರೆ. ದೊಡ್ಡ ಮಂದಿ ಕುಂತಿದ್ರು. ಅಂಜಿದ್ನಿ ಅಕ್ಕಾ.”

ಜಮಖಂಡಿ ಬಸ್ ಬಂತು. ಮುತ್ತಣ್ಣ ಶಾಲಿನ ಚೀಲ ಹಿಡಿದು ಎದ್ದ. ಲಗಮವ್ವ ಬಸ್ ಹತ್ತದೆ, ತನ್ನೂರು ಚಿಮ್ಮಡಕ್ಕೆ ಹೋಗುವ ಆಟೊಗಳತ್ತ ಹೊರಟಳು.

“ನಾಳೆ ಬೀರಪ್ಪನ ಗುಡ್ಯಾಗ ಹಾಡ್ತೀಯಿಲ್ಲೋ?” ಎಂದು ಅವನು ಹಿಂದಿನಿಂದ ಕೇಳಿದ.

“ಹಾಡ್ತೇನಿ,” ಎಂದಳು ಆಕೆ ತಿರುಗದೆ. “ನೀ ಬರಬ್ಯಾಡ.”