ಬಾಯಿ ಮುಚ್ಚಿದ ಒಂದು

ಅಂಗಲ್ಲ ಕಣಮ್ಮಿ, ಕನ್ನಡ ಅಂಕಿ ಒಂದರ ಬಾಯಿ ಕೆಳಗಡೆ ತೆರ್ದಿರ್ಬೇಕು, ನೀನು ಮುಚ್ಬುಟ್ರೆ ಅದು ಸೊನ್ನೆಯಾಯ್ತದೆ, ಅಳಿಸು. ಈ ತಪ್ಪ ನಾನೂ ಮಾಡಿವ್ನಿ, ನಿನ್ನಂಗೆ ಸ್ಲೇಟ್ ಮೇಲಲ್ಲ, ಯೂನಿವರ್ಸಿಟಿ ಲೈಬ್ರರೀಲಿ. ನಿಮ್ ತಾತ ಅಲ್ಲಿ ಅಟೆಂಡರ್ ಆಗಿದ್ರಲ್ಲ, ಅವ್ರು ತೀರೋದ್ಮೇಲೆ ಅನುಕಂಪದ ಮೇಲೆ ಆ ಕೆಲ್ಸ ನಂಗೆ ಕೊಟ್ರು. ಭೀಮನಬೀಡಲ್ಲಿ ಕಳೆ ಕೀಳ್ತಿದ್ದೋಳು, ಓದಿದ್ದು ನಾಕ್ನೇ ಕ್ಲಾಸು, ಅಲ್ಲಲ್ಲ, ಐದುಕ್ಕೂ ಎರಡು ತಿಂಗ್ಳು ಓಗಿದ್ದೆ. ಕಂಕುಳಲ್ಲಿ ನಿಮ್ಮಪ್ಪ, ಕೈಯಲ್ಲಿ ನಿಮ್ಮತ್ತೆ. ಕೆಲ್ಸ ಖಾಯಂ ಆಗಿರ್ಲಿಲ್ಲ, ಒಂದು ತಪ್ಪಾದ್ರೆ ಮನೆಗೆ ಕಳಿಸ್ಬುಡ್ತಾರೆ ಅನ್ನೋ ಭಯ.

ಕೆಲ್ಸ ಏನಪ್ಪಾ ಅಂದ್ರೆ, ಪ್ರತಿ ಪುಸ್ತಕದ ಬೆನ್ನಿಗೂ ಒಂದು ಚೀಟಿ, ಅದ್ರಲ್ಲಿ ನಂಬರು, ಕನ್ನಡ ಪುಸ್ತಕಕ್ಕೆ ಕನ್ನಡದ ಅಂಕಿ. ಮಾಸೋದ ಚೀಟಿ ಕಿತ್ತು ಒಸಾದು ಬರ್ದು ಅಂಟಿಸ್ಬೇಕು, ನಂಬರ್ ನೋಡಿ ಬೀರುವಿಗೆ ಜೋಡಿಸ್ಬೇಕು. "ನೀಲಮ್ಮ, ತಪ್ಪು ಜಾಗದಲ್ಲಿಟ್ಟ ಪುಸ್ತಕ ಕಳೆದುಹೋದ ಹಾಗೇನೇ" ಅಂತ ನಮ್ ಲೈಬ್ರೇರಿಯನ್ ಸಾಹೇಬ್ರು ದಿನಾ ಏಳೋರು. ಸಂತೆಮರಹಳ್ಳಿಯಿಂದ ಮಂಜುಳ ಅಂತ ಒಂದು ಉಡ್ಗಿ ಬತ್ತಿತ್ತು, ನಮ್ ಕಡೆ ಸೋಬಾನೆ ಪದದ ಮೇಲೆ ರಿಸರ್ಚು. ಒಂದು ಹಳೇ ಪುಸ್ತಕ ಬೇಕಿತ್ತು ಅದುಕ್ಕೆ, ಅವಳಜ್ಜಿ ಏಳ್ಕೊಟ್ಟ ಪದಗಳು ಅದ್ರಲ್ಲಿ ಇದ್ವಂತೆ. ಪುಸ್ತಕದ ಪಟ್ಟಿ ಕಾರ್ಡಲ್ಲಿ ಅದೆ, ಬೀರುವಲ್ಲಿ ಇಲ್ಲ. ನಾಕು ಸಲ ಬಂತು, ನಾಕು ಸಲಾನೂ ಇಲ್ಲ. ಸಾಹೇಬ್ರು ಕಲ್ಕತ್ತಾದ ದೊಡ್ಡ ಲೈಬ್ರರಿಗೆ ಕಾಗದ ಬರುದ್ರು, ದೇಶದಲ್ಲಿ ಅಚ್ಚಾಗೋ ಪುಸ್ತಕವೆಲ್ಲ ಒಂದೊಂದು ಅಲ್ಲಿಗೆ ಕಳಿಸ್ಬೇಕಂತೆ ಕಣವ್ವ, ಕಾನೂನು. ಉತ್ರ ಬಂತು: ಪುಸ್ತಕ ಅದೆ, ಹಾಳೆ ಪುಡಿಯಾಯ್ತವೆ, ಕಳ್ಸಕಾಗಲ್ಲ, ಜೆರಾಕ್ಸೂ ಆಗಲ್ಲ, ಬಂದು ಓದ್ಕೊಳ್ಳಿ. "ಕಲ್ಕತ್ತಾಕ್ಕೆ ಓಗೋದಾ ನೀಲಮ್ಮಕ್ಕ? ಇಲ್ಲಿಗ್ ಬರಕೇ ಮನೇಲಿ ದಿನಾ ರಂಪ. ಯುಗಾದಿಯೊಳಗೆ ಮುಗಿಸ್ದಿದ್ರೆ ಸೀಟು ಓಯ್ತದೆ" ಅಂತ ಮೆಟ್ಲ ಮೇಲೆ ಕೂತ್ಕತ್ತು.

ಆಮೇಲೊಂದು ಸೋಮವಾರ ಧೂಳು ಒಡೀತಿದ್ದೆ, ಎಂಟ್ನೂರರ ಸಾಲಲ್ಲಿ ಆ ಪುಸ್ತಕ ಸಿಕ್ತು. ಅದು ಎಂಟ್ನೂರತ್ತರಲ್ಲಿ ಇರ್ಬೇಕಾದ್ದು. ಚೀಟಿ ನೋಡುದ್ರೆ ನನ್ ಬರವಣಿಗೇನೇ. ಒಂದರ ಬಾಯಿ ಮುಚ್ಚಿ ಬರ್ದ್ಬುಟ್ಟಿವ್ನಿ, ೮೧೦ ಓಗಿ ೮೦೦ ಆಗ್ಬುಟ್ಟದೆ. ಖಾಲಿ ಚೀಟಿ ಸಾಹೇಬ್ರ ಡ್ರಾಯರಲ್ಲಿ, ಕದ್ದು ಬದ್ಲಾಯಿಸೋ ಅಂಗೂ ಇಲ್ಲ. ಏಳುದ್ರೆ ಕೆಲ್ಸ ಓಯ್ತದೆ, ಮಕ್ಳ ಗತಿ ಏನು? ಪುಸ್ತಕವ ಅಲ್ಲೇ ಮಡಗ್ಬುಟ್ಟೆ ಕಣವ್ವ. ಮೂರು ದಿನ ಬಾಯಿ ಬುಡ್ಲಿಲ್ಲ.

ಗುರುವಾರ ಆ ಉಡ್ಗಿ ಬಂದು ಲೈಬ್ರರಿ ಕಾರ್ಡು ವಾಪಸ್ ಕೊಡ್ತು. "ಸಾಕಾಯ್ತಕ್ಕ, ಬುಟ್ಬುಟ್ಟೆ. ಬೆಳಿಗ್ಗೆ ಗೈಡ್ ಮೇಷ್ಟ್ರಿಗೆ ರಿಸರ್ಚ್ ಬೇಡ ಅಂತ ಬರ್ಕೊಟ್ಟು ಬಂದೆ." ನಾನು ಊಂ ಅಂದೆ. ಊಂ ಅಂದೆ, ಅಷ್ಟೇ. ಅದು ಗೇಟು ದಾಟಿದ್ಮೇಲೆ ನಂಗೆ ತಡ್ಯಕ್ಕಾಗ್ದೆ ಪುಸ್ತಕ ತಂದು ಸಾಹೇಬ್ರ ಟೇಬಲ್ ಮೇಲಿಟ್ಟು ಎಲ್ಲಾ ಏಳ್ದೆ. ಬಸ್ ಸ್ಟಾಪಿಗೆ ಓಡ್ದೆ, ಬಸ್ಸು ಓಗಿತ್ತು. ವಾಪಸ್ ಬಂದಾಗ ಸಾಹೇಬ್ರು ಇನ್ನೂ ಆ ಚೀಟೀನೇ ನೋಡ್ತಿದ್ರು. "ನಾಳೆಯಿಂದ ನೀನು ಬರೆದ ಚೀಟಿ ಒಂದೊಂದೂ ತೆಗೆದು ನೋಡಮ್ಮ" ಅಂದ್ರು. ಬಯ್ಲೂ ಇಲ್ಲ. ಒಂದು ವರ್ಷ ನೆಲದ ಮೇಲೆ ಕೂತು ನೋಡ್ದೆ, ಈ ಮಂಡಿ ನೋವು ಆವಾಗಿಂದ್ಲೇ. ಕೆಲ್ಸ ಉಳ್ಕತ್ತು. ಮಂಜುಳಂಗೆ ಸಾಹೇಬ್ರು ಎರಡು ಕಾಗದ ಬರುದ್ರು, ಬರ್ಲೇ ಇಲ್ಲ. ನಾನು ರಿಟೈರ್ ಆಗೋಗಂಟ ಆ ಪುಸ್ತಕ ಸರಿಯಾದ ಜಾಗದಲ್ಲೇ ಇತ್ತು, ಕೇಳೋರು ಯಾರೂ ಬರ್ಲಿಲ್ಲ. ಬೈಸ್ಕೊಳ್ಳೋದು ಒಂದು ಗಳಿಗೆ ಕಣಮ್ಮಿ, ತಪ್ಪು ಕಂಡ ದಿನವೇ ಬಾಯಿ ಬುಡ್ಬೇಕು. ಏನು ನನ್ ಮಕ ನೋಡ್ತೀಯೆ, ಸ್ಲೇಟ್ ಮೇಲೆ ಒಂದು ಬರಿ.