ಬಾಗಿಲಿನಿಂದ ಶುರುವಾದ ಮೇಣ

ಮಳೆ ಹಿಡಿದ ಸಂಜೆ. ಕರೆಂಟು ಹೋಗಿ ಹಲಗೆ ಉಜ್ಜುವ ಯಂತ್ರಗಳೆಲ್ಲ ಒಮ್ಮೆಗೇ ಸುಮ್ಮನಾದವು. ಬಡಗಿ ಕಾರ್ಖಾನೆಯ ಕೆಲಸಗಾರರು ರೆಪ್ಪೆಯ ಮೇಲೂ ಮರದ ಪುಡಿ ಹೊತ್ತುಕೊಂಡು ಬಂದು ಬಾಗಿಲ ಬಳಿಯ ಹಲಗೆರಾಶಿಯ ಮೇಲೆ ಕೂತರು. ಅಲ್ಲೇ ಒಬ್ಬ ಮುದುಕನೂ ಕೂತಿದ್ದ. ಐವತ್ತು ವರ್ಷ ಮನೆಮನೆಗೆ ಮರದ ನೆಲ ಹಾಸಿದವನು. ಈಗ ಮಂಡಿ ಬಗ್ಗದಿದ್ದರೂ ದಿನಾ ಬಂದು ನಾಲ್ಕು ಹಲಗೆ ಸವರಿ, ಮೂಸಿ ನೋಡದೆ ಹೋಗುವವನಲ್ಲ. ಎಲ್ಲರಿಗೂ ಅವನು ನೆಲದಜ್ಜ.

“ಅಜ್ಜ, ಈ ಮಳೆ ನಿಲ್ಲೋ ಹಾಗೆ ಕಾಣಲ್ಲ. ಒಂದು ದೆವ್ವದ ಕತೆ ಬಿಡಿ,” ಎಂದಳು ಪಾಲಿಶ್ ಕೆಲಸದವಳು.

“ಬಿಡೋಕೆ ಅದೇನು ಗಾಳಿಪಟಾನಾ?” ಅಜ್ಜ ರೇಗಿದ. “ಕಣ್ಣಾರೆ ಕಂಡಿದ್ದು ಹೇಳ್ತೀನಿ. ದೆವ್ವವೋ ಏನೋ, ನೀವೇ ತೀರ್ಮಾನ ಮಾಡಿ... ನನಗಂತೂ ಇವತ್ತಿಗೂ ಅದರ ತಲೆಬುಡ ತಿಳಿದಿಲ್ಲ. ಒಂದು ಮನೆ. ಆ ಮನೇಲಿ ಒಬ್ಬಳು ಸೊಸೆ...”

ಆ ಸೊಸೆ ಹನ್ನೊಂದು ವರ್ಷ ಅಲ್ಲಿ ಬಾಳಿದ್ದರೂ ನಡುಮನೆಯ ನೆಲವನ್ನು ಒಮ್ಮೆಯೂ ಒರೆಸಿದವಳಲ್ಲ. ಅತ್ತೆ ಬಿಡಬೇಕಲ್ಲ! ಅಡುಗೆಮನೆ ನೋಡಿಕೋ, ಬೇಕಾದರೆ ಬೀಗದ ಕೈ ಗೊಂಚಲನ್ನೂ ಸೊಂಟಕ್ಕೆ ಸಿಕ್ಕಿಸಿಕೋ, ನೆಲದ ತಂಟೆಗೆ ಮಾತ್ರ ಬರಬೇಡ. ಜೇನಿನ ಬಣ್ಣದ ಗಟ್ಟಿಮರದ ನೆಲ ಅದು. ಕುರ್ಚಿಯ ಕಾಲುಗಳಿಗೆಲ್ಲ ಅತ್ತೆ ಉಣ್ಣೆಬಟ್ಟೆಯ ತುಂಡು ಅಂಟಿಸಿದ್ದರು. ತಿಂಗಳಿಗೊಮ್ಮೆ ಮಂಡಿಯೂರಿ ಕೂತು, ಕಿಟಕಿ ಪಕ್ಕದ ಮೂಲೆಯಿಂದ ಮೇಣ ತಿಕ್ಕಲು ಶುರು ಮಾಡಿ, ಹಿಂದೆ ಹಿಂದೆ ಸರಿಯುತ್ತ, ಹೊಸ್ತಿಲು ದಾಟಿದ ಮೇಲೆಯೇ ಸೊಂಟ ಹಿಡಿದುಕೊಂಡು ಏಳುತ್ತಿದ್ದರು. ಸೊಸೆ ಬಟ್ಟೆ ಹಿಡಿದು ಬಂದರೆ, “ನಿನಗೆ ತಿಳಿಯಲ್ಲ, ಬಿಡು.” ಹನ್ನೊಂದು ವರ್ಷ ಅದೇ ಮಾತು.

ಅತ್ತೆ ತೀರಿಕೊಂಡ ಮೂರನೆಯ ವಾರ ಸೊಸೆ ಬಕೆಟ್ ತುಂಬ ನೀರು ತಂದು ನಡುಮನೆಗೆ ಸುರಿದು ಒರೆಸಿದಳು. ದುಃಖಕ್ಕೆ ಒರೆಸಿದಳೋ, ಸೇಡಿಗೆ ಒರೆಸಿದಳೋ, ಅವಳಿಗೇ ಗೊತ್ತಾಗಲಿಲ್ಲ. ನಾಲ್ಕೇ ದಿನಕ್ಕೆ ಹಲಗೆಗಳು ನೀರು ಕುಡಿದು ಉಬ್ಬಿ ಅಂಚು ಮೇಲೆತ್ತಿದವು. ಬಸ್ಸಿನ ಡ್ರೈವರ್ ಆಗಿದ್ದ ಗಂಡ ಕೆಲಸದಿಂದ ಬಂದವನು ಎಡವಿ, ಕೆಳಗೆ ನೋಡಿ, “ಅಮ್ಮನ ಜೀವವೇ ಇದರಲ್ಲಿತ್ತು” ಎಂದಷ್ಟೇ ಹೇಳಿ ಊಟ ಮಾಡದೆ ಮಲಗಿದ.

ಆಗ ಅವಳು ಕರೆಸಿದ್ದು ನೆಲದ ಕೆಲಸದವನನ್ನು, ಅಂದರೆ ಈ ಅಜ್ಜನನ್ನು. ಅವನಿಗಿನ್ನೂ ಆಗ ತಲೆಗೂದಲು ಕಪ್ಪು. ತಿಂಗಳುಗಟ್ಟಲೆ ಗಾಳಿಗೆ ಒಣಗಲು ಬಿಟ್ಟು, ಉಪ್ಪು ಕಾಗದದಲ್ಲಿ ಉಜ್ಜಿ, ಎಣ್ಣೆ ಕುಡಿಸಿ ನೆಲವನ್ನು ಮತ್ತೆ ದಾರಿಗೆ ತಂದ.

“ಮೇಣ ನೀವೇ ಹಚ್ಚಿ ಕಣಮ್ಮ. ತೆಳ್ಳಗೆ. ಮರದ ಎಳೆ ಹೋದ ಕಡೆಗೇ ಕೈ ಹೋಗಲಿ. ಮೂಲೆಯಿಂದ ಬಾಗಿಲಿಗೆ ಬನ್ನಿ. ಬಾಗಿಲಿಂದ ಒಳಗೆ ಹೋದ್ರೋ, ಮೂಲೇಲಿ ಸಿಕ್ಕಿಹಾಕ್ಕೊಂಡು ಒಣಗೋವರೆಗೆ ಜಪ ಮಾಡ್ತಾ ಕೂರಬೇಕು!”

ಮರುದಿನ ಬೆಳಿಗ್ಗೆ ಅವಳು ಮೇಣದ ಡಬ್ಬಿ ತೆರೆದು, ಬಟ್ಟೆಯ ಜೊತೆ ಮೂಲೆಯಲ್ಲಿಟ್ಟಳು. ಒಲೆಯ ಮೇಲೆ ಹಾಲಿದ್ದದ್ದು ನೆನಪಾಗಿ ಒಳಗೆ ಓಡಿದಳು. ಹಾಲು ಇಳಿಸಿ, ಉಕ್ಕಿದ್ದನ್ನು ಒರೆಸಿ ಬಂದು ನೋಡುತ್ತಾಳೆ... ನೆಲ ಹೊಳೆಯುತ್ತಿದೆ. ಬಾಗಿಲಿನಿಂದ ಶುರುವಾಗಿ ಒಳಕ್ಕೆ, ಇನ್ನೂ ಒಳಕ್ಕೆ, ಮೂಲೆಯವರೆಗೂ ಹಸಿ ಮೇಣ. ಮೂಲೆಯಲ್ಲಿ ಮಾತ್ರ ಒಬ್ಬರು ಮಂಡಿಯೂರಿ ಕೂರುವಷ್ಟು ಜಾಗ ಮಂಕಾಗಿ ಉಳಿದಿದೆ. ಡಬ್ಬಿ ಅರ್ಧ ಖಾಲಿ.

ಅವಳು ತನ್ನ ಕೈ ಮೂಸಿಕೊಂಡಳು. ಮೇಣದ ವಾಸನೆ! ಆದರೆ ಡಬ್ಬಿ ತೆರೆದವಳು ತಾನೇ ಅಲ್ಲವೇ, ವಾಸನೆ ಇರದೇ ಇರುತ್ತದೆಯೇ? ಹಾಲು ಮೊದಲೋ, ಮೇಣ ಮೊದಲೋ?

“ನೀನೇ ಹಚ್ಚಿ ಮರೆತಿದ್ದೀಯ,” ಎಂದ ಗಂಡ.

“ಹಾಗಾದ್ರೆ ಹೊರಗೆ ಹೇಗೆ ಬಂದೆ? ಹೆಜ್ಜೆ ಎಲ್ರೀ?”

ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಒಂದೇ. ಅವಳ ತಾಯಿಗೆ ಐವತ್ತು ತುಂಬುವ ಮೊದಲೇ ಮರೆವಿನ ಕಾಯಿಲೆ ಹತ್ತಿ, ಹೆತ್ತ ಮಗಳನ್ನೇ “ನೀವು ಯಾರು?” ಎಂದು ಕೇಳಿದ್ದಳು. “ಡಾಕ್ಟರಿಗೆ ತೋರಿಸೋಣ” ಎಂದು ಗಂಡ ಮೆಲ್ಲಗೆ ಹೇಳಿದಾಗ ಅವಳಿಗೆ ದೆವ್ವಕ್ಕಿಂತ ಆ ಮೆಲುದನಿಯೇ ಹೆಚ್ಚು ಭಯ ತಂದಿತು. ಅಂದಿನಿಂದ ಅಂಗೈ ಮೇಲೆ ಬರೆದುಕೊಳ್ಳತೊಡಗಿದಳು: ಒಲೆ ಆರಿಸಿದೆ. ಬಾಗಿಲು ಹಾಕಿದೆ. ಮೇಣ ಮುಟ್ಟಿಲ್ಲ. ಮುಂದಿನ ವಾರ ಒಂದು ದಿನ, ಬೆಳಿಗ್ಗೆ ಬರೆದ ಅಕ್ಷರ ಅಂಗೈಯಲ್ಲಿ ಇನ್ನೂ ಮಾಸಿರಲಿಲ್ಲ, ನೆಲದ ಮೇಲೆ ಮತ್ತೆ ಹಸಿ ಮೇಣ.

ನೆಲದ ಕೆಲಸದವನಿಗೆ ಮತ್ತೆ ಕರೆ ಹೋಯಿತು.

“ನೀವು ಹೊರಗಿನವರು. ನನಗೆ ತಲೆ ಕೆಟ್ಟಿದ್ರೆ ಕೆಟ್ಟಿದೆ ಅಂತ ಹೇಳಿಬಿಡಿ.”

ಅವನು ಟರ್ಪೆಂಟೈನ್ ಹಾಕಿ ನೆಲದ ಮೇಣವನ್ನೆಲ್ಲ ತೆಗೆದ. ಹೊಸ ಡಬ್ಬಿಯನ್ನು ಮೂಲೆಯಲ್ಲಿಟ್ಟು, ಕಿಟಕಿಗೆ ಚಿಲಕ ಹಾಕಿ, ಬಾಗಿಲಿಗೆ ಬೀಗ ಜಡಿದ. ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತರು.

“ನಡುಮಧ್ಯಾಹ್ನ, ಕೇಳಿ...” ಅಜ್ಜ ಹಲಗೆರಾಶಿಯ ಮೇಲೆ ಮುಂದಕ್ಕೆ ಬಾಗಿದ. “ಆ ಹೆಣ್ಣುಮಗಳ ಎರಡೂ ಕೈ ಅವಳ ಮಡಿಲಲ್ಲಿದ್ವು. ನನ್ನ ಕಣ್ಣು ಆ ಕೈ ಮೇಲೇ ಇತ್ತು. ಅಲ್ಲಾಡಲಿಲ್ಲ. ಇದಕ್ಕೆ ಏನು ಹೇಳ್ತೀರಿ?”

ಗಂಡ ಊಟಕ್ಕೆ ಬಂದಾಗ ಮೂವರೂ ಸೇರಿ ಬೀಗ ತೆರೆದರು. ಬಾಗಿಲ ಬುಡದಿಂದಲೇ ನೆಲ ಫಳಫಳ. ಮೂಲೆಯ ಹತ್ತಿರ ಇನ್ನೊಂದಿಷ್ಟು ಬಾಕಿಯಿತ್ತು. ಅವರು ನೋಡುತ್ತಿದ್ದಂತೆಯೇ ಸರ್... ಸರ್... ಎಂದು ಬಟ್ಟೆ ಉಜ್ಜುವ ಸದ್ದು. ಯಾರೂ ಇಲ್ಲ. ಹೊಳಪು ಮಾತ್ರ ಒಂದು ಗೇಣು ಮುಂದೆ ಹೋಯಿತು.

“ಅಮ್ಮಾ...” ಎಂದ ಗಂಡ. ಸದ್ದು ನಿಂತಿತು.

ಸೊಸೆ ನಕ್ಕುಬಿಟ್ಟಳು. ಹೌದು, ಜೋರಾಗಿ ನಕ್ಕಳು. ತನ್ನ ತಲೆ ನೆಟ್ಟಗಿದೆಯಲ್ಲ, ಅಷ್ಟು ಸಾಕಿತ್ತು ಅವಳಿಗೆ. ಗಂಡನ ಬಿಳಿಚಿದ ಮುಖ ಕಂಡ ಮೇಲೆ ನಗು ಅಲ್ಲೇ ಬತ್ತಿತು. ಹೊಸ ಗೊಂದಲವೊಂದು ಮೆಲ್ಲಗೆ ಒಳಹೊಕ್ಕಿತು. ಜನ್ಮವಿಡೀ ಮೂಲೆಯಿಂದ ಬಾಗಿಲಿಗೆ ಬಂದ ಅತ್ತೆ ಈಗೇಕೆ ತಿರುಗಾ ಮುರುಗಾ?

ಅವಳು ಕೇಳಿದ್ದಕ್ಕೆ ನೆಲದ ಕೆಲಸದವನು ಹೊಸ್ತಿಲು ನೋಡುತ್ತ ಹೇಳಿದ: “ಹೊರಗೆ ಹೋಗೋ ಮನಸ್ಸಿಲ್ಲದವರು ಬಾಗಿಲಿಂದಲೇ ಶುರು ಮಾಡ್ತಾರೆ ಕಣಮ್ಮ.”

ಮನೆ ಬಿಡೋಣ ಎಂದು ಗಂಡ ಕೈಹಿಡಿದು ಎಳೆದ. ಅವಳು ಕದಲಲಿಲ್ಲ. ಹೊಸ್ತಿಲಲ್ಲಿ ಮಂಡಿಯೂರಿ, “ಅತ್ತೆ, ನೀರು ಸುರಿದದ್ದು ತಪ್ಪಾಯ್ತು. ಎಲ್ಲೂ ಹೋಗಬೇಡಿ... ನನಗೂ ಕಲಿಸಿಕೊಡಿ” ಎಂದಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೂಲೆಯ ಡಬ್ಬಿ ಹಸಿ ಮೇಣದ ಮೇಲೆ ಜಾರುತ್ತ ಜಾರುತ್ತ ಬಂದು ಅವಳ ಮಂಡಿಗೆ ತಾಗಿ ನಿಂತಿತು. ಅತ್ತೆ ಒಪ್ಪಿಕೊಂಡದ್ದೋ, ತಗೋ ಹಾಳಾಗಿ ಹೋಗು ಎಂದು ಎಸೆದದ್ದೋ... ಅವಳಿಗೆ ಅದು ಕೊನೆಗೂ ಬಗೆಹರಿಯಲಿಲ್ಲ. ಡಬ್ಬಿಯನ್ನಂತೂ ಎತ್ತಿಕೊಂಡಳು.

ಮಳೆ ಇನ್ನೂ ಸುರಿಯುತ್ತಲೇ ಇತ್ತು. ಪಾಲಿಶ್ ಕೆಲಸದವಳು ಕಾಲು ಮೇಲೆತ್ತಿಕೊಂಡು ಕೂತಿದ್ದಳು.

“ಆಮೇಲೆ, ಅಜ್ಜ?”

“ಆಮೇಲೇನು? ಮೂವತ್ತು ವರ್ಷ ಅದೇ ಮನೇಲಿ ಬಾಳಿದ್ಲು. ಗಂಡ ಮೊದಲು ಹೋದ. ಅವಳು ಹೋಗಿ ಎರಡು ವರ್ಷ ಆಯ್ತು. ಮನೆಗೆ ಬೀಗ ಬಿದ್ದಿತ್ತು. ಹೋದ ವಾರ, ಮನೆ ಕೊಂಡವರು ನೆಲ ಹೇಗಿದೆ ನೋಡಿ ಹೇಳಿ ಅಂತ ನನ್ನ ಕರ್ಕೊಂಡು ಹೋದ್ರು...” ಅಜ್ಜ ತನ್ನ ತೋರುಬೆರಳನ್ನು ಹೆಬ್ಬೆರಳಿಗೆ ಉಜ್ಜಿಕೊಂಡ. “ಮುಟ್ಟಿ ನೋಡಿದೆ. ಮೇಣ ಹಸಿ ಇತ್ತು. ಬಾಗಿಲಿಂದ ಒಳಕ್ಕೆ. ಆದ್ರೆ ಮೂಲೇಲಿ ಬಿಟ್ಟ ಜಾಗ ಇದೆಯಲ್ಲ, ಆಗ ಒಬ್ಬರು ಕೂರೋಷ್ಟಿತ್ತು... ಈಗ ಇಬ್ಬರು ಕೂರೋಷ್ಟಿದೆ. ಅಲ್ಲಿ ಪಿಸಪಿಸ ಮಾತು ಕೇಳಿಸ್ತು. ಜಗಳವೋ, ಪಾಠವೋ... ನನಗೆ ಗೊತ್ತಾಗಲಿಲ್ಲಪ್ಪ. ಬಾಗಿಲು ಮುಂದೆ ಮಾಡ್ಕೊಂಡು ಬಂದುಬಿಟ್ಟೆ.”